ವೈ-ಫೈ ಸಂಪರ್ಕ ದೊರೆಯದಿದ್ದಾಗ: ದೋಷವನ್ನು ಹುಡುಕುವ ಕ್ರಮ

ವೈದ್ಯನ ಬಳಿಗೆ ಬಂದ ರೋಗಿಯು ‘ಮೈಗೆ ಸ್ವಸ್ಥವಿಲ್ಲ’ ಎಂದಷ್ಟೇ ಹೇಳಿದರೆ ವೈದ್ಯನು ಕೂಡಲೇ ಔಷಧವನ್ನು ಕೊಡುವುದಿಲ್ಲ. ನಾಡಿಯನ್ನು ನೋಡುತ್ತಾನೆ, ನೋವು ಎಲ್ಲಿ, ಎಂದಿನಿಂದ, ಯಾವ ಹೊತ್ತಿನಲ್ಲಿ ಎಂದು ಕೇಳುತ್ತಾನೆ. ರೋಗದ ನೆಲೆ ತಿಳಿದ ಮೇಲೆಯೇ ಚಿಕಿತ್ಸೆಯ ಮಾತು. ಇಂದಿನ ಮನೆಗಳಲ್ಲಿ ಆಗಾಗ ಕೇಳಿಬರುವ ‘ನೆಟ್ ಬರುತ್ತಿಲ್ಲ’ ಎಂಬ ದೂರೂ ಅಂತಹುದೇ. ಅದು ಲಕ್ಷಣ ಮಾತ್ರ. ಅದರ ಹಿಂದೆ ಹತ್ತಾರು ಬಗೆಯ ಕಾರಣಗಳಿರಬಹುದು.

೨೦೨೦ರ ಮಾರ್ಚ್ ತಿಂಗಳಲ್ಲಿ ಕೊರೊನಾ ಸೋಂಕಿನ ನಿಮಿತ್ತ ಶಾಲೆಗಳು ಬಾಗಿಲು ಮುಚ್ಚಿದಾಗ ಪಾಠಗಳು ಮೊಬೈಲ್ ದೂರವಾಣಿಯ ಮೂಲಕ ಮನೆಗಳಿಗೆ ಬಂದವು. ಶಾಲೆಗಳು ಮತ್ತೆ ತೆರೆದ ಮೇಲೂ ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ ಇವೆಲ್ಲ ಅದೇ ದಾರಿಯಲ್ಲಿ ನಡೆಯುತ್ತಿವೆ. ಅರ್ಜಿ ಸಲ್ಲಿಸುವ ಕಡೆಯ ದಿನದ ಸಂಜೆ ಸಂಪರ್ಕವು ಕಡಿದುಹೋದರೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷವೇ ಕೈತಪ್ಪುವ ಸಂಭವವುಂಟು. ಅಂತಹ ಹೊತ್ತಿನಲ್ಲಿ ಗಾಬರಿಗೊಂಡವರು ಕಂಡ ಗುಂಡಿಗಳನ್ನೆಲ್ಲ ಒತ್ತಿ, ಸರಿಯಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ. ಆದಕಾರಣ ದೋಷವನ್ನು ಕ್ರಮವಾಗಿ ಹುಡುಕುವ ವಿಧಾನವನ್ನು ಪ್ರತಿಯೊಂದು ಮನೆಯಲ್ಲಿ ಒಬ್ಬರಾದರೂ ಅರಿತಿರುವುದು ಅವಶ್ಯಕ.

ಅಲೆಯ ಹಿನ್ನೆಲೆ

ಕಂಪ್ಯೂಟರುಗಳನ್ನು ತಂತಿಯಿಲ್ಲದೆ ಜೋಡಿಸುವ ಪ್ರಯತ್ನವು ಹಳೆಯದು. ೧೯೭೧ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು ದ್ವೀಪಗಳ ನಡುವೆ ರೇಡಿಯೊ ಅಲೆಗಳ ಮೂಲಕ ಕಂಪ್ಯೂಟರಿನ ಸಂದೇಶಗಳನ್ನು ಸಾಗಿಸಿದರು. ೧೯೮೫ರಲ್ಲಿ ಅಮೆರಿಕವು ಕೆಲವು ರೇಡಿಯೊ ಪಟ್ಟಿಗಳನ್ನು ಪರವಾನಗಿಯಿಲ್ಲದೆ ಸಂಪರ್ಕಕ್ಕೆ ಬಳಸಲು ಅನುಮತಿ ನೀಡಿತು. ೧೯೯೭ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯು ೮೦೨.೧೧ ಎಂಬ ಮಾನಕವನ್ನು ಪ್ರಕಟಿಸಿತು. ಅಂದು ಅದರ ಗರಿಷ್ಠ ವೇಗ ಸೆಕೆಂಡಿಗೆ ೨ ಮೆಗಾಬಿಟ್ ಮಾತ್ರ. ವೈ-ಫೈ ಎಂಬ ಹೆಸರು ೧೯೯೯ರಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ ೨.೪ ಗಿಗಾಹರ್ಟ್ಸ್ ಪಟ್ಟಿಯು ೨೦೦೫ರಲ್ಲಿ ಪರವಾನಗಿಯಿಂದ ಮುಕ್ತವಾಯಿತು.

ಈ ಮುಕ್ತತೆಯಿಂದಲೇ ವೈ-ಫೈ ಅಗ್ಗವಾಗಿ ಮನೆಮನೆಗೂ ಬಂದಿತು. ಆದರೆ ಊರಿನ ಗೋಮಾಳದಲ್ಲಿ ಎಲ್ಲರ ದನಗಳೂ ಮೇಯುವಂತೆ, ಅದೇ ಪಟ್ಟಿಯಲ್ಲಿ ನೆರೆಮನೆಯ ವೈ-ಫೈ, ಬ್ಲೂಟೂತ್ ಉಪಕರಣಗಳು, ಅಡುಗೆಮನೆಯ ಮೈಕ್ರೋವೇವ್ ಒಲೆ ಎಲ್ಲವೂ ಕೆಲಸ ಮಾಡುತ್ತವೆ. ಒಂದರ ಸದ್ದು ಮತ್ತೊಂದಕ್ಕೆ ಅಡಚಣೆಯಾಗುವುದು ಸಹಜ.

ಸಂಪರ್ಕದ ಐದು ಮೆಟ್ಟಿಲುಗಳು

ದೂರವಾಣಿಯು ಅಂತರಜಾಲವನ್ನು ಸೇರುವುದು ಒಂದೇ ಜಿಗಿತದಲ್ಲಲ್ಲ. ವಿದ್ಯಾರ್ಥಿನಿಲಯಕ್ಕೆ ಹೊಸದಾಗಿ ಸೇರುವ ಬಾಲಕನ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಮೊದಲು ಅವನಿಗೆ ನಿಲಯದ ಬಾಗಿಲು ಕಾಣಬೇಕು. ಎರಡನೆಯದಾಗಿ, ಪ್ರವೇಶಪತ್ರವನ್ನು ತೋರಿಸಿ ಒಳಹೋಗಬೇಕು. ಮೂರನೆಯದಾಗಿ, ಅವನಿಗೊಂದು ಕೊಠಡಿಯ ಸಂಖ್ಯೆ ದೊರೆಯಬೇಕು. ಇಲ್ಲವಾದರೆ ಅವನ ಹೆಸರಿಗೆ ಬಂದ ಕಾಗದ ಅವನನ್ನು ಮುಟ್ಟದು. ನಾಲ್ಕನೆಯದಾಗಿ, ನಿಲಯದಿಂದ ಪಟ್ಟಣಕ್ಕೆ ಹೋಗುವ ರಸ್ತೆ ತೆರೆದಿರಬೇಕು. ಐದನೆಯದಾಗಿ, ಪಟ್ಟಣದಲ್ಲಿ ತಾನು ಅರಸುವವರ ಮನೆ ಎಲ್ಲಿದೆಯೆಂದು ಹೇಳುವವರಿರಬೇಕು.

ವೈ-ಫೈ ವಿಷಯದಲ್ಲಿಯೂ ಕ್ರಮ ಇದೇ. ರೂಟರಿನ ಅಲೆ ದೂರವಾಣಿಗೆ ಕಾಣಬೇಕು, ಪಾಸ್‌ವರ್ಡ್ ಒಪ್ಪಿಗೆಯಾಗಬೇಕು, ಐಪಿ ವಿಳಾಸ ದೊರೆಯಬೇಕು, ರೂಟರಿನಿಂದ ಸೇವಾಸಂಸ್ಥೆಯವರೆಗಿನ ದಾರಿ ತೆರೆದಿರಬೇಕು, ಜಾಲತಾಣದ ಹೆಸರನ್ನು ಅದರ ಸಂಖ್ಯಾರೂಪದ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ ಕೆಲಸಮಾಡಬೇಕು. ಕೆಳಗಿನ ಮೆಟ್ಟಿಲು ಮುರಿದಿರುವಾಗ ಮೇಲಿನದನ್ನು ದುರಸ್ತಿ ಮಾಡಿ ಫಲವಿಲ್ಲ.

ಯಾವ ಮೆಟ್ಟಿಲಿನಲ್ಲಿ ನಿಂತಿದೆಯೆಂಬುದನ್ನು ಅನೇಕ ವೇಳೆ ದೂರವಾಣಿಯ ಪರದೆಯೇ ಹೇಳುತ್ತದೆ. ಮನೆಯ ವೈ-ಫೈ ಹೆಸರು ಪಟ್ಟಿಯಲ್ಲಿಯೇ ಇಲ್ಲದಿದ್ದರೆ ದೋಷವು ಮೊದಲನೆಯದರಲ್ಲಿ. ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದರೆ ಎರಡನೆಯದು. ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂದು ಬಹಳ ಹೊತ್ತು ತೋರಿಸಿದರೆ ಮೂರನೆಯದು. ‘ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ’ ಎಂದರೆ ನಾಲ್ಕನೆಯದು ಇಲ್ಲವೆ ಐದನೆಯದು. ಅವಸರದಲ್ಲಿ ಈ ಮಾತನ್ನು ಓದದೆ ಅಳಿಸಿಬಿಡುವವರೇ ಹೆಚ್ಚು.

ಮೊದಲ ಪರೀಕ್ಷೆ

ಯಾವುದನ್ನೂ ಬದಲಿಸುವ ಮುನ್ನ ಮಾಡಬೇಕಾದ ಪರೀಕ್ಷೆ ಒಂದುಂಟು. ಮನೆಯ ಇನ್ನೊಂದು ದೂರವಾಣಿ ಅಥವಾ ಕಂಪ್ಯೂಟರು ಅದೇ ವೈ-ಫೈಯಲ್ಲಿ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು. ಅದು ಸರಿಯಾಗಿ ನಡೆಯುತ್ತಿದ್ದರೆ ರೂಟರೂ ಹೊರದಾರಿಯೂ ಬಹುಮಟ್ಟಿಗೆ ಕ್ಷೇಮವೆಂದು ತಿಳಿಯಬೇಕು. ಹುಡುಕಾಟವು ತೊಂದರೆಯಿರುವ ದೂರವಾಣಿಯಲ್ಲಿ ಮತ್ತು ಅದಕ್ಕೂ ರೂಟರಿಗೂ ಇರುವ ಸಂಬಂಧದಲ್ಲಿ ನಡೆಯಬೇಕು. ಯಾವ ಉಪಕರಣವೂ ನಡೆಯದಿದ್ದರೆ ದೂರವಾಣಿಯನ್ನು ಬಿಟ್ಟು ರೂಟರಿನ ಕಡೆಗೆ ಗಮನ ಹರಿಸಬೇಕು. ಒಂದು ನಿಮಿಷದ ಈ ಪರೀಕ್ಷೆಯು ಅರ್ಧದಷ್ಟು ಕಾರಣಗಳನ್ನು ಬದಿಗೆ ಸರಿಸುತ್ತದೆ.

ಅಲೆ ಕಾಣದಿದ್ದರೆ

ದೂರವಾಣಿಯಲ್ಲಿ ವೈ-ಫೈ ಗುಂಡಿ ಆರಿಹೋಗಿರುವುದು, ವಿಮಾನದ ಚಿತ್ರವಿರುವ ಏರೋಪ್ಲೇನ್ ಮೋಡ್ ಕೈತಾಗಿ ಚಾಲೂ ಆಗಿರುವುದು ಅತಿ ಸಾಮಾನ್ಯವಾದ ಕಾರಣಗಳು. ಅವು ಸರಿಯಿದ್ದರೆ ದೂರ ಮತ್ತು ಗೋಡೆಗಳನ್ನು ಪರಿಶೀಲಿಸಬೇಕು. ೨.೪ ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ೧೨.೫ ಸೆಂಟಿಮೀಟರು, ೫ ಗಿಗಾಹರ್ಟ್ಸ್ ಪಟ್ಟಿಯ ಅಲೆ ಅದರ ಅರ್ಧಕ್ಕಿಂತಲೂ ಕಡಿಮೆ. ಎರಡನೆಯದು ಹೆಚ್ಚು ವೇಗವನ್ನು ಕೊಡುತ್ತದೆ, ಆದರೆ ಗೋಡೆಯನ್ನು ದಾಟುವಾಗ ಬೇಗ ಸೊರಗುತ್ತದೆ. ಉತ್ತರ ಕರ್ನಾಟಕದ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ, ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ನೀರಿನ ತೊಟ್ಟಿ ಇವೆಲ್ಲ ಅಲೆಗೆ ಅಡ್ಡಿಯಾಗುವಂತಹವು. ಪಡಸಾಲೆಯ ಮೂಲೆಯಲ್ಲಿ ದೂರದರ್ಶನದ ಹಿಂದೆ ಅವಿತಿರುವ ರೂಟರನ್ನು ಮನೆಯ ನಡುಭಾಗಕ್ಕೆ, ಆಳೆತ್ತರದ ಹಲಗೆಯ ಮೇಲಕ್ಕೆ ಸ್ಥಳಾಂತರಿಸಿದರೆ ಎಷ್ಟೋ ಮನೆಗಳ ದೂರು ಅಲ್ಲಿಗೇ ಮುಗಿಯುತ್ತದೆ.

ರೂಟರಿನ ಪಕ್ಕದಲ್ಲಿಯೇ ನಿಂತರೂ ಹೆಸರು ಕಾಣದಿದ್ದರೆ ಇನ್ನೆರಡು ಕಾರಣಗಳನ್ನು ಯೋಚಿಸಬೇಕು. ಕೆಲವು ಅಗ್ಗದ ಅಥವಾ ಹಳೆಯ ದೂರವಾಣಿಗಳು ೨.೪ ಗಿಗಾಹರ್ಟ್ಸ್ ಪಟ್ಟಿಯನ್ನು ಮಾತ್ರ ಬಲ್ಲವು. ರೂಟರಿನಲ್ಲಿ ೫ ಗಿಗಾಹರ್ಟ್ಸ್ ಮಾತ್ರ ಚಾಲೂ ಇದ್ದರೆ ಅವುಗಳ ಪಾಲಿಗೆ ರೂಟರೇ ಇಲ್ಲ. ಮತ್ತೊಂದು, ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಭಾರತದಲ್ಲಿ ೧೩ ಚಾನೆಲ್‌ಗಳು ಬಳಕೆಯಲ್ಲಿದ್ದರೆ ಅಮೆರಿಕದಲ್ಲಿ ಸಾಮಾನ್ಯವಾಗಿ ೧೧ ಮಾತ್ರ. ಅಲ್ಲಿ ನೆಲೆಸಿರುವ ಬಂಧುಗಳು ಪ್ರೀತಿಯಿಂದ ತಂದುಕೊಟ್ಟ ದೂರವಾಣಿಯು ೧೨ ಅಥವಾ ೧೩ನೆಯ ಚಾನೆಲಿನಲ್ಲಿರುವ ರೂಟರನ್ನು ಕೆಲವೊಮ್ಮೆ ಕಾಣಲಾರದು. ರೂಟರನ್ನು ೧, ೬, ೧೧ ಇವುಗಳಲ್ಲಿ ಒಂದಕ್ಕೆ ಹೊಂದಿಸಿದರೆ ಈ ತೊಡಕು ನೀಗುತ್ತದೆ. ಈ ಮೂರು ಚಾನೆಲ್‌ಗಳು ಒಂದರ ಮೇಲೊಂದು ಹರಡಿಕೊಳ್ಳುವುದಿಲ್ಲವಾದ್ದರಿಂದ ನೆರೆಮನೆಯ ಅಡಚಣೆಯೂ ಕಡಿಮೆಯಾಗುತ್ತದೆ.

ಪಾಸ್‌ವರ್ಡ್ ಒಪ್ಪಿಗೆಯಾಗದಿದ್ದರೆ

ಮನೆಯ ವೈ-ಫೈಯ ಪಾಸ್‌ವರ್ಡಿನಲ್ಲಿ ಕನಿಷ್ಠ ೮ ಅಕ್ಷರಗಳಿರಬೇಕೆಂಬುದು ನಿಯಮ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳನ್ನು ಅದು ಬೇರೆಬೇರೆಯಾಗಿ ಎಣಿಸುತ್ತದೆ. ‘ಓ’ ಅಕ್ಷರಕ್ಕೂ ಸೊನ್ನೆಗೂ ಆಗುವ ಗೊಂದಲ ಸರ್ವೇಸಾಮಾನ್ಯ. ಬರೆಯುವಾಗ ಕಣ್ಣಿನ ಗುರುತನ್ನು ಒತ್ತಿ ಅಕ್ಷರಗಳನ್ನು ಕಣ್ಣಾರೆ ಕಾಣುವುದು ಮೇಲು.

ರೂಟರಿನ ಪಾಸ್‌ವರ್ಡನ್ನು ಬದಲಿಸಿದಾಗ ದೂರವಾಣಿಯು ತನ್ನ ನೆನಪಿನಲ್ಲಿರುವ ಹಳೆಯದನ್ನೇ ಮತ್ತೆ ಮತ್ತೆ ಒಪ್ಪಿಸುತ್ತಿರುತ್ತದೆ. ಆಗ ಆ ವೈ-ಫೈಯ ಹೆಸರನ್ನು ಒತ್ತಿಹಿಡಿದು ‘ಮರೆತುಬಿಡು’ ಎಂಬ ಆಯ್ಕೆಯನ್ನು ಆರಿಸಿ ಹೊಸದಾಗಿ ಸೇರಬೇಕು. ಇದರಿಂದ ಆ ಒಂದು ಸಂಪರ್ಕದ ನೆನಪು ಮಾತ್ರ ಅಳಿಯುವುದರಿಂದ ಹಾನಿಯೇನೂ ಇಲ್ಲ.

ಪಾಸ್‌ವರ್ಡ್ ಸರಿಯಿದ್ದರೂ ದೂರವಾಣಿ ಸೇರದಿದ್ದರೆ ರಕ್ಷಣಾ ಪದ್ಧತಿಯ ವ್ಯತ್ಯಾಸವನ್ನು ಶಂಕಿಸಬೇಕು. ಡಬ್ಲ್ಯುಇಪಿ ಎಂಬ ಮೊದಲ ಪದ್ಧತಿಯು ದುರ್ಬಲವೆಂಬುದು ೨೦೦೧ರಲ್ಲಿಯೇ ಸಿದ್ಧವಾಯಿತು. ೨೦೦೪ರಲ್ಲಿ ಡಬ್ಲ್ಯುಪಿಎ೨, ೨೦೧೮ರಲ್ಲಿ ಡಬ್ಲ್ಯುಪಿಎ೩ ಬಂದವು. ಹೊಸ ರೂಟರು ಡಬ್ಲ್ಯುಪಿಎ೩ ಒಂದನ್ನೇ ಕೇಳುತ್ತಿದ್ದರೆ ಹಳೆಯ ದೂರವಾಣಿಗೆ ಒಳದಾರಿ ಇಲ್ಲ. ಎರಡನ್ನೂ ಒಪ್ಪುವ ಮಿಶ್ರ ಆಯ್ಕೆಯು ರೂಟರಿನಲ್ಲಿದ್ದರೆ ಅದನ್ನು ಆರಿಸಬೇಕು. ‘ಪಾಸ್‌ವರ್ಡನ್ನೇ ತೆಗೆದುಬಿಟ್ಟರಾಯಿತು’ ಎಂಬ ಸಲಹೆಯನ್ನು ಮಾತ್ರ ಕೇಳಬಾರದು. ಅದು ಬೀಗ ತೆರೆಯಲಿಲ್ಲವೆಂದು ಮನೆಯ ಬಾಗಿಲನ್ನೇ ಕಿತ್ತಿಡುವಂತಹ ಉಪಾಯ.

ವಿಳಾಸ ದೊರೆಯದಿದ್ದರೆ

ಒಳಬಂದ ಪ್ರತಿಯೊಂದು ಉಪಕರಣಕ್ಕೂ ರೂಟರು ಒಂದು ಸಂಖ್ಯೆಯನ್ನು ಹಂಚುತ್ತದೆ. ಮನೆಗಳಲ್ಲಿ ಅದು ಸಾಮಾನ್ಯವಾಗಿ ೧೯೨.೧೬೮ ಎಂದು ಆರಂಭವಾಗುತ್ತದೆ. ಸಂಖ್ಯೆಯು ನಿಗದಿತ ಅವಧಿಗೆ ಕೊಟ್ಟ ಎರವಲು. ಅವಧಿ ಮುಗಿಯುವ ಮೊದಲೇ ನವೀಕರಿಸಿಕೊಳ್ಳಬೇಕು. ಈ ಲೆಕ್ಕವು ರೂಟರಿನಲ್ಲಿ ತೊಡಕಾದರೆ ದೂರವಾಣಿಯು ಬಾಗಿಲೊಳಗಿದ್ದೂ ಕೊಠಡಿಯಿಲ್ಲದಂತಾಗುತ್ತದೆ. ೧೬೯.೨೫೪ ಎಂದು ಆರಂಭವಾಗುವ ಸಂಖ್ಯೆ ಕಂಡರೆ, ರೂಟರಿನಿಂದ ಉತ್ತರ ಬಾರದೆ ಉಪಕರಣವು ತಾನೇ ಒಂದು ಸಂಖ್ಯೆಯನ್ನು ಇಟ್ಟುಕೊಂಡಿದೆಯೆಂದು ಅರ್ಥ.

ರೂಟರಿನ ವಿದ್ಯುತ್ತನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಚ್ಚುವ ಉಪಾಯವು ಫಲಿಸುವುದು ಇಂತಹ ಕಡೆ. ಅದರ ತಾತ್ಕಾಲಿಕ ನೆನಪಿನಲ್ಲಿ ಸಿಕ್ಕಿಕೊಂಡಿದ್ದ ಲೆಕ್ಕಗಳು ಅಳಿದು ಹೊಸದಾಗಿ ಆರಂಭವಾಗುತ್ತವೆ. ಪಾಸ್‌ವರ್ಡ್ ಮೊದಲಾದ ಶಾಶ್ವತ ವಿವರಗಳು ಉಳಿಯುತ್ತವೆ. ಪೂರ್ಣವಾಗಿ ಎಚ್ಚರಗೊಳ್ಳಲು ರೂಟರಿಗೆ ಎರಡು ಮೂರು ನಿಮಿಷ ಬೇಕಾಗಬಹುದು. ಅಷ್ಟರೊಳಗೆ ತಾಳ್ಮೆಗೆಟ್ಟು ಪುನಃ ಆರಿಸಬಾರದು.

ಕೆಲವು ಮನೆಗಳಲ್ಲಿ ಪರಿಚಿತ ಉಪಕರಣಗಳನ್ನು ಮಾತ್ರ ಬಿಟ್ಟುಕೊಳ್ಳುವಂತೆ ಅವುಗಳ ಮ್ಯಾಕ್ ವಿಳಾಸಗಳನ್ನು ರೂಟರಿನಲ್ಲಿ ಬರೆದಿಟ್ಟಿರುತ್ತಾರೆ. ಆದರೆ ೨೦೧೯ರ ಆಂಡ್ರಾಯ್ಡ್ ೧೦ ಮತ್ತು ೨೦೨೦ರ ಐಓಎಸ್ ೧೪ರಿಂದೀಚೆಗೆ ದೂರವಾಣಿಗಳು ಬಳಕೆದಾರನ ಗೋಪ್ಯತೆಗಾಗಿ ನಿಜವಾದ ಮ್ಯಾಕ್ ವಿಳಾಸದ ಬದಲು ಬೇರೊಂದನ್ನು ತೋರಿಸುತ್ತವೆ. ವೇಷ ಬದಲಿಸಿ ಬಂದ ಮನೆಯ ಮಗನನ್ನು ಕಾವಲುಗಾರನು ತಡೆದಂತೆ ರೂಟರು ಅಂತಹ ದೂರವಾಣಿಯನ್ನು ತಡೆಯುತ್ತದೆ. ಆ ವೈ-ಫೈಯ ಮಟ್ಟಿಗೆ ಉಪಕರಣದ ನಿಜವಾದ ವಿಳಾಸವನ್ನೇ ಬಳಸುವ ಆಯ್ಕೆ ದೂರವಾಣಿಯಲ್ಲಿಯೇ ಇರುತ್ತದೆ.

ಹೊರದಾರಿ ಮುಚ್ಚಿದ್ದರೆ

ದೂರವಾಣಿಯು ರೂಟರನ್ನು ಸೇರಿದ್ದೂ ಅಂತರಜಾಲವಿಲ್ಲದಿದ್ದರೆ, ಮತ್ತು ಮನೆಯ ಎಲ್ಲ ಉಪಕರಣಗಳ ಸ್ಥಿತಿಯೂ ಅದೇ ಆಗಿದ್ದರೆ, ದೋಷವು ಹೊರಗಿನದು. ಬೆಳಕಿನ ತಂತುವಿನ, ಎಂದರೆ ಫೈಬರಿನ, ಸಂಪರ್ಕವಿರುವ ಮನೆಗಳಲ್ಲಿ ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬ ದೀಪವಿರುತ್ತದೆ. ಅದು ಕೆಂಪಾಗಿ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಮನೆಯನ್ನು ತಲಪುತ್ತಿಲ್ಲ. ತಂತುವು ಎಲ್ಲಿಯೋ ಬಾಗಿ ಮುರಿದಿರಬಹುದು, ರಸ್ತೆ ಅಗೆಯುವಾಗ ಕಡಿದಿರಬಹುದು. ಮಾಸಿಕ ಶುಲ್ಕದ ಅವಧಿ ಮುಗಿದಿದ್ದರೂ ಹೊರದಾರಿ ನಿಲ್ಲುತ್ತದೆ. ಇಲ್ಲಿ ದೂರವಾಣಿಯಲ್ಲಿ ಏನು ಮಾಡಿದರೂ ನಿಷ್ಫಲ. ಸೇವಾಸಂಸ್ಥೆಗೆ ತಿಳಿಸುವುದೊಂದೇ ಮಾರ್ಗ. ‘ನೆಟ್ ಇಲ್ಲ’ ಎನ್ನುವುದಕ್ಕಿಂತ ‘ಎಲ್‌ಓಎಸ್ ದೀಪ ಬೆಳಿಗ್ಗೆ ೮ ಗಂಟೆಯಿಂದ ಕೆಂಪಾಗಿದೆ’ ಎಂದು ತಿಳಿಸಿದರೆ ಕೆಲಸವು ಬೇಗ ಆಗುತ್ತದೆ.

ಹೆಸರು ವಿಳಾಸವಾಗದಿದ್ದರೆ

ಜಾಲತಾಣದ ಹೆಸರನ್ನು ಸಂಖ್ಯೆಯಾಗಿ ತಿರುಗಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಇದು ಕೆಟ್ಟಾಗ ದಾರಿ ತೆರೆದಿದ್ದರೂ ಊರು ಸಿಗುವುದಿಲ್ಲ. ದೂರವಾಣಿಯಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬಲ್ಲಿ ತಪ್ಪಾದ ಹೆಸರು ಬರೆದಿರುವುದು, ವಿಪಿಎನ್ ಎಂಬ ತಂತ್ರಾಂಶ ಚಾಲೂ ಇರುವುದು ಇದಕ್ಕೆ ಕಾರಣವಾಗಬಹುದು. ಮೊದಲನೆಯದನ್ನು ಸ್ವಯಂಚಾಲಿತಕ್ಕೆ ತಿರುಗಿಸಿ, ಎರಡನೆಯದನ್ನು ಆರಿಸಿ ನೋಡಬೇಕು. ದೂರವಾಣಿಯ ದಿನಾಂಕವನ್ನೂ ಪರೀಕ್ಷಿಸುವುದು ಒಳ್ಳೆಯದು. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಗಳಿರುತ್ತವೆ. ದೂರವಾಣಿಯ ದಿನಾಂಕವು ವರ್ಷಗಳಷ್ಟು ಹಿಂದಿದ್ದರೆ ಪ್ರಮಾಣಪತ್ರವು ಅಸಿಂಧುವೆಂದು ತೋರಿ ತಾಣಗಳು ತೆರೆಯುವುದಿಲ್ಲ.

ಮಾಡಬಾರದ ಕೆಲಸಗಳು

ರೂಟರಿನ ಹಿಂದಿರುವ ಸಣ್ಣ ರಂಧ್ರದಲ್ಲಿ ಸೂಜಿಯಿಟ್ಟು ಒತ್ತುವುದು ಕಡೆಯ ಉಪಾಯ. ಅದರಿಂದ ವೈ-ಫೈಯ ಹೆಸರು, ಪಾಸ್‌ವರ್ಡುಗಳ ಜೊತೆಗೆ ಸೇವಾಸಂಸ್ಥೆಯು ತುಂಬಿಟ್ಟಿರುವ ಬಳಕೆದಾರನ ವಿವರಗಳೂ ಅಳಿಯಬಹುದು. ಆಮೇಲೆ ಸಂಸ್ಥೆಯ ನೌಕರನು ಬರುವವರೆಗೆ ಮನೆಯೆಲ್ಲ ಸಂಪರ್ಕವಿಲ್ಲದೆ ಕೂಡಬೇಕು. ದೂರವಾಣಿಯ ನೆಟ್‌ವರ್ಕ್ ವಿವರಗಳನ್ನೆಲ್ಲ ಅಳಿಸುವ ಆಯ್ಕೆಯೂ ಹಾಗೆಯೇ: ಉಳಿದ ವೈ-ಫೈ ಪಾಸ್‌ವರ್ಡುಗಳೂ ಬ್ಲೂಟೂತ್ ಜೋಡಣೆಗಳೂ ಅದರೊಡನೆ ಹೋಗುತ್ತವೆ. ಮೇಲಿನ ಪರೀಕ್ಷೆಗಳೆಲ್ಲ ಮುಗಿದ ಮೇಲೆಯೇ ಅದಕ್ಕೆ ಕೈಹಾಕಬೇಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಗಾಬರಿಯಲ್ಲಿ ಅಂತರಜಾಲದಲ್ಲಿ ಸಿಕ್ಕ ಯಾವುದೋ ‘ಗ್ರಾಹಕ ಸೇವಾ’ ಸಂಖ್ಯೆಗೆ ಕರೆಮಾಡಿ ವಂಚಕರ ಬಲೆಗೆ ಬೀಳುವವರಿದ್ದಾರೆ. ದೂರದಿಂದ ದೂರವಾಣಿಯನ್ನು ನಡೆಸುವ ತಂತ್ರಾಂಶವನ್ನು ಹಾಕಿಕೊಳ್ಳಲು, ಓಟಿಪಿ ಹೇಳಲು ಅವರು ಒತ್ತಾಯಿಸುತ್ತಾರೆ. ವೈ-ಫೈ ದುರಸ್ತಿಗೆ ಬ್ಯಾಂಕಿನ ಓಟಿಪಿ ಎಂದಿಗೂ ಬೇಕಾಗದು. ಸೇವಾಸಂಸ್ಥೆಯ ಸಂಖ್ಯೆಯನ್ನು ಅದರ ರಸೀದಿಯಿಂದಲೇ ತೆಗೆದುಕೊಳ್ಳಬೇಕು. ಹಣ ಕಳೆದುಕೊಂಡವರು ವಿಳಂಬಿಸದೆ ೧೯೩೦ ಸಂಖ್ಯೆಯ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು.

ಅರ್ಜಿಯ ಕಡೆಯ ದಿನದ ಸಂಜೆಯ ಆ ವಿದ್ಯಾರ್ಥಿಗೆ ಹೇಳತಕ್ಕದ್ದು ಇಷ್ಟು: ಮೊದಲು ಮೊಬೈಲ್ ಡೇಟಾದಿಂದಲೋ ಬೇರೊಬ್ಬರ ದೂರವಾಣಿಯ ಹಾಟ್‌ಸ್ಪಾಟಿನಿಂದಲೋ ಅರ್ಜಿಯನ್ನು ಸಲ್ಲಿಸಬೇಕು; ದೋಷದ ಶೋಧನೆ ಆಮೇಲೆ. ಅನಂತರ ಪರದೆಯ ಮಾತನ್ನು ಓದಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಗಮನಿಸಿ, ಗುರುತುಹಾಕಿಕೊಂಡು ಮುಂದಿನ ಮೆಟ್ಟಿಲಿಗೆ ಹೋಗಬೇಕು. ಒಟ್ಟಿಗೆ ನಾಲ್ಕನ್ನು ಬದಲಿಸಿದವನಿಗೆ ಸಂಪರ್ಕ ಮರಳಿ ಬಂದರೂ ಯಾವುದರಿಂದ ಬಂದಿತೆಂಬುದು ತಿಳಿಯದು. ಮುಂದಿನ ಸಲ ಮತ್ತೆ ಅದೇ ಪರದಾಟ. ಶಾಲೆಯ ಪ್ರಯೋಗಶಾಲೆಯಲ್ಲಿ ಕಲಿಸುವ ಕ್ರಮವೂ ಇದೇ ಆಗಿದೆ. ಅದನ್ನು ಮನೆಯ ಪಡಸಾಲೆಯಲ್ಲಿ ಬಳಸಬಲ್ಲ ವಿದ್ಯಾರ್ಥಿಯು ತನ್ನ ಮನೆಗೂ ನೆರೆಮನೆಯ ವೃದ್ಧರಿಗೂ ಆಸರೆಯಾಗುತ್ತಾನೆ.