ಚೌಕಾಬಾರದ ಮಣೆಯ ಸುತ್ತ ಸಂಕೋಚ ಕರಗುವ ಬಗೆ

ನಾಲ್ಕು ಜನ ಸೇರಿದಲ್ಲಿ ಮೂಲೆಯ ಕುರ್ಚಿ ಹುಡುಕುವವರು ಇದ್ದೇ ಇರುತ್ತಾರೆ. ಅವರಿಗೆ ಜನ ಬೇಡವೆಂದಲ್ಲ. ಏನು ಮಾತಾಡಲಿ, ಆಡಿದ್ದು ತಪ್ಪಾದರೆ ಏನು ಗತಿ ಎಂಬ ದಿಗಿಲು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಈ ಆತಂಕದ ಒಳಗುಟ್ಟನ್ನು ವಿವರಿಸಿದರು: ಇಂಥ ಹೊತ್ತಿನಲ್ಲಿ ಮನಸ್ಸೆಲ್ಲ ತನ್ನ ಬೆವರು, ತನ್ನ ನಡುಗುವ ದನಿಯ ಮೇಲೇ ನೆಟ್ಟಿರುತ್ತದೆ, ಎದುರಿಗಿರುವವರನ್ನು ನೋಡಲು ಪುರುಸೊತ್ತೇ ಸಿಗದು. ಹೀಗಿರುವಾಗ ‘ನಾಚಿಕೆ ಬಿಡು, ಮಾತಾಡು’ ಎಂದರೆ ಆ ಗಮನ ಇನ್ನಷ್ಟು ಒಳಕ್ಕೇ ಹೋಗುತ್ತದೆ. ಅದನ್ನು ಹೊರಗೆಳೆಯಲು ಹೊರಗೊಂದು ನೆಲೆ ಬೇಕು. ಮಣೆಯಾಟ ಅಂಥ ನೆಲೆ.

ಚೌಕಾಬಾರವನ್ನೇ ನೋಡಿ. ಸೀಮೆಸುಣ್ಣದಲ್ಲಿ ಬರೆದ 25 ಮನೆ, ನಾಲ್ವರು ಆಟಗಾರರು, ತಲಾ ನಾಲ್ಕು ಕಾಯಿ, ನಾಲ್ಕು ಕವಡೆ; ಬಂಡವಾಳ ಅಷ್ಟೇ. ಕವಡೆಗಳೆಲ್ಲ ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು; ಎರಡಕ್ಕೂ ಮತ್ತೊಂದು ಆಟ ಉಂಟು. ಸರದಿ ತಾನಾಗಿ ಬರುತ್ತದೆ, ಅದಕ್ಕಾಗಿ ಯಾರ ಮಾತನ್ನೂ ತುಂಡರಿಸಬೇಕಿಲ್ಲ. ಸರದಿ ಬರುವವರೆಗೆ ಸುಮ್ಮನಿದ್ದರೆ ಯಾರೂ ಯಾಕೆಂದು ಕೇಳುವುದಿಲ್ಲ. ಪಕ್ಕದವರು ಮನೆ ಎಣಿಸಿಕೊಡುತ್ತಾರೆ, ‘ಮೂರು ಬಿದ್ದರೆ ಕಡಿ’ ಎನ್ನುತ್ತಾರೆ. ಉತ್ತರ ತಡವರಿಸದೆ ಹೊರಡುತ್ತದೆ, ಏಕೆಂದರೆ ಮಾತು ಕಾಯಿಯ ಬಗ್ಗೆ, ತನ್ನ ಬಗ್ಗೆ ಅಲ್ಲ. ಇಂಥ ಆಟಗಳಿಗೆ ಹಳೆಯ ಮನ್ನಣೆಯೂ ಇದೆ: ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಭಾಗವಿದೆ. ಅದೇ ಮೈಸೂರಿನಲ್ಲಿ ಇಂದು ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ದ ಹೆಸರಿನಲ್ಲಿ ಕುಶಲಕರ್ಮಿಗಳಿಂದ ಮಣೆ, ಹಾಸು, ಕಾಯಿಗಳನ್ನು ಮಾಡಿಸಿ ಪ್ರದರ್ಶಿಸುತ್ತಿದೆ. ಈ ಕೆಲಸ ಪರಂಪರೆಯ ರಕ್ಷಣೆಯಷ್ಟೇ ಅಲ್ಲ, ಜನರನ್ನು ಎದುರುಬದುರು ಕೂರಿಸುವ ಸಾಧನವನ್ನೇ ಉಳಿಸುವುದು ಎಂದು ನಾನು ನಂಬುತ್ತೇನೆ.

ಸೋಲುಗೆಲುವು ಇದ್ದಲ್ಲಿ ಅಳುಕು ಹೆಚ್ಚುವುದಿಲ್ಲವೇ? ಚದುರಂಗದಲ್ಲಿ ಹೆಚ್ಚೀತು, ಅಲ್ಲಿ ಸೋಲು ಪೂರ್ತಿ ನಮ್ಮದೇ. ಕವಡೆಯಾಟದಲ್ಲಿ ಸೋಲಿನ ಪಾಲು ಗರಕ್ಕೂ ಸೇರುತ್ತದೆ, ಹಾಗಾಗಿ ಅಜ್ಜಿಯೂ ಮೊಮ್ಮಗನೂ ಸಮಸಮ. ಅದೂ ಬೇಡವೆಂದರೆ, ಎಲ್ಲರೂ ಒಂದೇ ಪಕ್ಷವಾಗಿ ರೋಗ ಹರಡುವುದನ್ನು ತಡೆಯುವ, 2008ರ ‘ಪ್ಯಾಂಡೆಮಿಕ್’ನಂಥ ಆಟಗಳಿವೆ. ಪಣ ಒಡ್ಡದಿದ್ದರೆ ಜೂಜಿನ ಮಾತೇ ಬರದು. ಇದಕ್ಕಿಂತ ತೂಕದ ಆಕ್ಷೇಪ ಬೇರೆ: ಮಣೆಯ ಹಿಂದೆ ಅವಿತುಕೊಳ್ಳುವುದೂ ಒಂದು ಪಲಾಯನವಲ್ಲವೇ? ಅವಿತುಕೊಳ್ಳುವ ಇಂಥ ಉಪಾಯಗಳೇ ಭಯವನ್ನು ಸಾಕುತ್ತವೆ ಎಂದು ಕ್ಲಾರ್ಕ್ ಮತ್ತು ವೆಲ್ಸ್ ಕೂಡ ಎಚ್ಚರಿಸಿದ್ದರು. ಮೊಬೈಲಿಗೆ ಈ ಮಾತು ಪೂರ್ತಿ ಒಪ್ಪುತ್ತದೆ. ಆದರೆ ಚೌಕಾಬಾರ ಎದುರಿನವರಿಲ್ಲದೆ ಒಂದು ಮನೆಯೂ ಮುಂದೆ ಹೋಗದು. ಹಲವು ಕಡೆಯ ನಿಯಮದಂತೆ, ಇನ್ನೊಬ್ಬರ ಕಾಯಿ ಕಡಿಯದೆ ಒಳಸುತ್ತಿಗೆ ಪ್ರವೇಶವೇ ಇಲ್ಲ. ಆತಂಕ ಬದುಕನ್ನೇ ಕಟ್ಟಿಹಾಕಿದ್ದರೆ ಮನೋವೈದ್ಯರನ್ನೇ ಕಾಣಬೇಕು, ಆಟ ಚಿಕಿತ್ಸೆಯಲ್ಲ.

ಮನೆಗೆ ಜನರನ್ನು ಕರೆಯುವವರಲ್ಲಿ ಒಂದು ವಿನಂತಿ: ಊಟಕ್ಕೆ ಮೊದಲೇ ಮಣೆ ಹಾಸಿಡಿ, ನಿಯಮವನ್ನು ಎಲ್ಲರಿಗೂ ಒಮ್ಮೆ ಹೇಳಿ. ಮೊದಲ ಆಟ ನೋಡುತ್ತೇನೆ ಎನ್ನುವವರನ್ನು ಬಲವಂತ ಮಾಡದೆ ಪಕ್ಕದಲ್ಲೇ ಕೂರಿಸಿಕೊಳ್ಳಿ.