ತ್ರಿಪದಿಯ ಕಟ್ಟಳೆಯೂ ಗಣಕಯಂತ್ರದ ಲೆಕ್ಕವೂ

ಬೀಸುವ ಕಲ್ಲಿನ ಮುಂದೆ ಕುಳಿತು ನಮ್ಮ ನಾಡಿನ ಅಜ್ಜಿಯರು ಹಾಡುತ್ತಿದ್ದ ಪದಗಳು ಬಹುಮಟ್ಟಿಗೆ ತ್ರಿಪದಿಗಳು. ಅವರಲ್ಲಿ ಅಕ್ಷರ ಬಲ್ಲವರು ವಿರಳ. ಆದರೂ ಹಾಡಿನ ಅಳತೆ ತಪ್ಪುತ್ತಿರಲಿಲ್ಲ. ಆ ಅಳತೆಯನ್ನೇ ಕಟ್ಟಳೆಯಾಗಿಟ್ಟುಕೊಂಡು ಗಣಕಯಂತ್ರಕ್ಕೆ ಒಂದು ವಿನೋದದ ಪ್ರೋಗ್ರಾಮನ್ನು ಬರೆಯುವ ಬಗೆಯನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ಅರಿಕೆ ಮಾಡುವೆವು. ಗಣಿತವು ಹೆಣ್ಣುಮಕ್ಕಳಿಗೆ ಒಗ್ಗದೆಂದು ಈಗಲೂ ಹೇಳುವವರುಂಟು. ಅಂಥವರ ಅಡಿಗೆಮನೆಯಲ್ಲಿಯೇ ಅದು ಹಾಡಾಗಿದ್ದಿತೆಂಬುದನ್ನು ಅವರು ಮರೆತಿರುವರು.

ತ್ರಿಪದಿಯು ಬಹು ಹಳೆಯದು. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಕಾಣುವುದು. ಅದನ್ನು ಕಟ್ಟುವ ಅಂಶಗಣಗಳನ್ನು ಹತ್ತನೆಯ ಶತಮಾನದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ವಿವರಿಸಿರುವನು. ಮೂರು ಸಾಲುಗಳಲ್ಲಿ ಕ್ರಮವಾಗಿ 4, 4, 3, ಒಟ್ಟು 11 ಗಣಗಳು. 6ನೆಯದೂ 10ನೆಯದೂ ಎರಡು ಅಂಶಗಳ ಬ್ರಹ್ಮಗಣಗಳು; ಉಳಿದ 9 ಮೂರು ಅಂಶಗಳ ವಿಷ್ಣುಗಣಗಳು. ಗಣದ ಮೊದಲ ಅಂಶವು ಒಂದು ಗುರು ಇಲ್ಲವೆ ಎರಡು ಲಘು. ಮುಂದಿನ ಅಂಶಗಳು ಒಂದು ಗುರು ಇಲ್ಲವೆ ಒಂದು ಲಘು. ದೀರ್ಘಾಕ್ಷರವೂ ಒತ್ತಕ್ಷರದ ಹಿಂದಿನ ಅಕ್ಷರವೂ ಗುರುವೆಂಬುದು ತರಗತಿಯಲ್ಲಿ ಕಲಿತ ಪಾಠವೇ.

ಹೀಗೆ ಪ್ರತಿಯೊಂದು ಅಂಶಕ್ಕೂ ಎರಡೇ ದಾರಿ. ಯಂತ್ರಕ್ಕೂ ಬಲ್ಲವು ಎರಡೇ, 0 ಮತ್ತು 1. ಗುರುವಿಗೆ 0 ಎಂದೂ ಲಘುವಿಗೆ 1 ಎಂದೂ ಇಟ್ಟು, ವಿಷ್ಣುಗಣದ ಮೂರು ಅಂಶಗಳಿಗೆ 4, 2, 1 ಎಂದು ಬೆಲೆ ಕಟ್ಟಿದರೆ ಎಂಟು ರೂಪಗಳಿಗೂ 0ಯಿಂದ 7ರ ವರೆಗೆ ಅಂಕೆ ದೊರೆಯುವುದು. ‘ಹಾವೇರಿ’ ಗುರು, ಗುರು, ಲಘು. ಅದರ ಅಂಕೆ 1. ‘ಬ್ಯಾಡಗಿ’ 3. ‘ಅಬಲೂರು’ 5. ‘ರಾಣೇಬೆನ್ನೂರು’ ಒಂದು ಗಣದಲ್ಲಿ ಹಿಡಿಯದು. ಆದರೆ ‘ರಾಣೇ’ ಬ್ರಹ್ಮಗಣವೂ ‘ಬೆನ್ನೂರು’ ವಿಷ್ಣುಗಣವೂ ಆಗಿ ಎರಡನೆಯ ಸಾಲಿನ ನಡುವೆ ಸೊಗಸಾಗಿ ಕೂಡುವುದು.

ಇನ್ನು ಕಟ್ಟಳೆ: ಪಟ್ಟಿಯಿಲ್ಲದೆ, ಒಂದೇ ಸಂಖ್ಯೆಯಿಂದ ಇಡೀ ತ್ರಿಪದಿಯ ರೂಪವನ್ನು ಬಿಡಿಸಬೇಕು. ಒಟ್ಟು ಅಂಶಗಳು 27ಕ್ಕೆ 4 ಕೂಡಿ 31. ಯಂತ್ರದ ಸಾಮಾನ್ಯ ಪೂರ್ಣಾಂಕಕ್ಕೆ 32 ಮನೆಗಳು; ಒಂದು ಧನ ಋಣಗಳ ಗುರುತಿಗೆ ಹೋದರೆ ಉಳಿಯುವುವು ಸರಿಯಾಗಿ 31! ಸಂಖ್ಯೆಯನ್ನು ಎರಡರಿಂದ ಭಾಗಿಸುತ್ತ ಶೇಷವನ್ನು ಓದುತ್ತ ಹೋದರಾಯಿತು. ಪ್ರೋಗ್ರಾಮು ಕೆಲವೇ ಸಾಲು. ಕ್ರಮಸಂಖ್ಯೆಯಿಂದ ರೂಪವನ್ನು ಬಿಡಿಸುವ ಈ ಕ್ರಿಯೆಯನ್ನು ಪಿಂಗಲನ ಪರಂಪರೆಯ ಛಂದಸ್ಸಿನವರು ‘ನಷ್ಟ’ವೆಂದು ಕರೆದರು. 0 ಎಂದರೆ 31 ಗುರುಗಳ ತ್ರಿಪದಿ. 2147483647 ಎಂದರೆ 42 ಲಘುಗಳದು. ರೂಪಗಳೆಷ್ಟೆಂದು ಎಣಿಸಹೋದರೆ ಮಾತ್ರ ಒಂದು ಹೆಚ್ಚಾಗಿ 2147483648 ಆಗುವುದು. ಆ ಒಂದಕ್ಕೆ ಮನೆಯಿಲ್ಲದೆ, ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಉತ್ತರವನ್ನು ಋಣಸಂಖ್ಯೆಯಾಗಿ ತೋರುವುದು. ಹೆಚ್ಚು ಮನೆಗಳ ಪೂರ್ಣಾಂಕವನ್ನು ಬಳಸಿ ಇದನ್ನು ಸರಿಪಡಿಸಬಹುದು. ಆದರೆ ಮಕ್ಕಳು ಮೊದಲು ಆ ಋಣಸಂಖ್ಯೆಯನ್ನು ಕಂಡು ಬೆರಗಾಗುವುದೇ ಲೇಸು.

ಯಂತ್ರವು ಅಚ್ಚನ್ನು ಮಾತ್ರ ಕೊಡುವುದು. ಪ್ರಾಸವೂ ಅರ್ಥವೂ ಹುಡುಗಿಯ ಪಾಲಿನ ಕೆಲಸ. ಅಬಲೂರಿನವನೆಂದು ಹೇಳುವ ಸರ್ವಜ್ಞನ ಕಾಲಕ್ಕೆ ಅಂಶಗಳ ಎಣಿಕೆ ಹಿಂದೆ ಸರಿದು, ವಿಷ್ಣುಗಣದ ಎಡೆಯಲ್ಲಿ ಐದು ಮಾತ್ರೆಯ ಗಣವು ನೆಲೆನಿಂತಿತ್ತು. ಆ ಅಳತೆಗೆ ಹಾವೇರಿಯೂ ಅಬಲೂರೂ ಒಪ್ಪುವುವು. ಬ್ಯಾಡಗಿಗೆ ಒಂದು ಮಾತ್ರೆ ಕಡಮೆ. ಬೀಸುವವಳು ಕಲ್ಲಿನ ಸುತ್ತಿಗೆ ತಕ್ಕಂತೆ ಕಡೆಯ ಅಕ್ಷರವನ್ನು ತುಸು ಎಳೆದು ಅದನ್ನು ತುಂಬಿಕೊಳ್ಳುವಳು.