ಕರೆಂಟ್ ಕೊಡಲಿಲ್ಲ ಅಂದ್ರೆ ಕೈಬಿಟ್ಟರು ಅಂತಲ್ಲ

ಯಲ್ಲಾಪುರದ ಇಡಗುಂದಿಯಿಂದ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. ‘ಆಯಿಗೆ ಅಂಡಾಶಯದ ಕ್ಯಾನ್ಸರ್. ಆಪರೇಷನ್ ಆಯ್ತು. ಈಗ ಕೀಮೋ ಸಾಕು, ಕರೆಂಟ್ ಬೇಡ ಅಂತಾರೆ. ನಮ್ಮೂರಲ್ಲೇ ಒಬ್ಬರಿಗೆ ಗರ್ಭಕೊರಳಿನ ಕ್ಯಾನ್ಸರ್‌ಗೆ ಕರೆಂಟ್ ಕೊಟ್ಟು ಗುಣ ಮಾಡಿದ್ರು. ಹಾಗಾದ್ರೆ ಡಾಕ್ಟರು ಆಯಿಯನ್ನ ಕೈಬಿಟ್ರಾ?’

ಖಂಡಿತ ಇಲ್ಲ. ನಾವು ಕರೆಂಟ್ ಅನ್ನೋದು ರೇಡಿಯೋಥೆರಪಿಗೆ. ಅದು ವಿದ್ಯುತ್ ಅಲ್ಲ, ಬಲವಾದ ಕ್ಷಕಿರಣ. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇಲ್ಲಿರೋದು ಗುರಿಯ ಲೆಕ್ಕ. ಗರ್ಭಕೊರಳು ಒಂದೇ ಜಾಗದಲ್ಲಿದೆ, ಕಿರಣ ಅಲ್ಲಿಗೇ ಬಿಡಬಹುದು. ಅಂಡಾಶಯದ ಕ್ಯಾನ್ಸರ್ ಕಣಗಳು ಹಾಗಲ್ಲ. ಉದುರಿ, ಹೊಟ್ಟೆಯೊಳಗಿನ ದ್ರವದಲ್ಲಿ ತೇಲಿ, ಕರುಳಿನ ಮೇಲೆ, ವಪೆಯ ಕೆಳಗೆ ಎಲ್ಲೆಂದರಲ್ಲಿ ಕೂರುತ್ತವೆ. ಕಿರಣ ಕೊಡೋದಾದ್ರೆ ಇಡೀ ಹೊಟ್ಟೆಗೇ ಕೊಡಬೇಕು. ಗರ್ಭಕೊರಳಿಗೆ ಹೊರಗಿನಿಂದಲೇ 45ರಿಂದ 50 ಗ್ರೇ ಕೊಡ್ತಾರೆ. ಅಷ್ಟನ್ನು ಮೂತ್ರಪಿಂಡ, ಯಕೃತ್ತು ತಡೆಯೋದಿಲ್ಲ.

1970-80ರ ದಶಕಗಳಲ್ಲಿ ಹೊಟ್ಟೆಗೆಲ್ಲ ಕಿರಣ ಕೊಡುತ್ತಿದ್ದದ್ದು ನಿಜ. ಕರುಳಿಗೆ ಪೆಟ್ಟಾಗುತ್ತಿತ್ತು. 1978ರಲ್ಲಿ ಅಮೆರಿಕದಲ್ಲಿ ಸಿಸ್‌ಪ್ಲಾಟಿನ್‌ಗೆ, 1992ರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಒಪ್ಪಿಗೆ ಸಿಕ್ಕಿತು. ರಕ್ತದ ಜೊತೆ ಎಲ್ಲ ಕಡೆ ಹೋಗುವ ಔಷಧಿ ಬಂದ ಮೇಲೆ ಕಿರಣ ಹಿಂದೆ ಸರಿಯಿತು. ಈಗ ಸಾಮಾನ್ಯವಾಗಿ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್, 3 ವಾರಕ್ಕೊಮ್ಮೆ, 6 ಸಲ. ತೀರಾ ಆರಂಭದ ಹಂತವಾದರೆ ಕೆಲವರಿಗೆ ಆಪರೇಷನ್ ಒಂದೇ ಸಾಕು.

ಹಾಗಂತ ಕರೆಂಟ್ ಪೂರ್ತಿ ಬಿಟ್ಟಿಲ್ಲ. ಒಂದೇ ಕಡೆ ಗಡ್ಡೆ ಮರುಕಳಿಸಿದರೆ, ರಕ್ತಸ್ರಾವ ನಿಲ್ಲದಿದ್ದರೆ, ಮೂಳೆ ನೋವಿಗೆ, ಮಿದುಳಿಗೆ ಹರಡಿದರೆ ಇವತ್ತಿಗೂ ಕೊಡ್ತಾರೆ.

ಹುಬ್ಬಳ್ಳಿಯ ನವನಗರಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೋಗಿಬರುವ ನಮ್ಮ ಉತ್ತರ ಕನ್ನಡದ ಮನೆಗಳಿಗೆ ಮೂರು ಮಾತು. ಒಂದು, ಕೀಮೋ ಆದ ಮೇಲೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಮಾತ್ರೆ ನುಂಗಿ ಮಲಗಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಎರಡು, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಮೊದಲೇ ವಿಚಾರಿಸಿ. ಮೂರು, ಬಿಆರ್‌ಸಿಎ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನ ಕೇಳಿ. ಆ ಜೀನ್‌ನ ದೋಷ ತಾಯಿಯಿಂದ ಮಕ್ಕಳಿಗೆ ಬರಬಹುದು.

‘ಕರೆಂಟ್ ಯಾಕೆ ಬೇಡ’ ಅಂತ ಡಾಕ್ಟರನ್ನ ಕೇಳೋಕೆ ಸಂಕೋಚ ಬೇಡ. ಉತ್ತರ ಪಡೆಯೋದು ನಿಮ್ಮ ಹಕ್ಕು. ಆದರೆ ಅನುಮಾನ ಇಟ್ಟುಕೊಂಡು ಕೀಮೋ ಮಾತ್ರ ಅರ್ಧಕ್ಕೆ ಬಿಡಬೇಡಿ.